ಪದರ ಬಿಟ್ಟರೆ, ಬಿಡದಿದ್ದರೆ

ಮೈಕಾ ಇಲ್ಲದ ಮೈಕಾ

ಅಹಮದಾಬಾದಿನ ಬಡಗಿ ಅಡುಗೆಮನೆಯ ಕಪಾಟಿಗೆ ‘ಮೈಕಾ’ ಹಚ್ಚಬೇಕು ಎನ್ನುತ್ತಾನೆ. ದಾವಣಗೆರೆಯ ಬಡಗಿಯೂ ಅದನ್ನೇ ಅನ್ನುತ್ತಾನೆ. ತುಸು ಹಳೆಯ ಕೈಯಾದರೆ ‘ಸನ್‌ಮೈಕಾ’ ಅಂದಾನು. ಭಾಷೆ ಬೇರೆ, ಮರ ಬೇರೆ, ಹೆಸರು ಮಾತ್ರ ಒಂದೇ. ತಮಾಷೆಯೆಂದರೆ ಆ ಹಾಳೆಯಲ್ಲಿ ಎಳ್ಳುಕಾಳಿನಷ್ಟೂ ಮೈಕಾ ಇರುವುದಿಲ್ಲ. ಇರುವುದು ಕಾಗದ ಮತ್ತು ಅಂಟು.

ನಿಜವಾದ ಮೈಕಾ ನಮಗೆ ಹೊಸದೇನಲ್ಲ. ಅದೇ ಕಾಗೆಬಂಗಾರ, ಆಯುರ್ವೇದದವರ ಅಭ್ರಕ. ಹೊಲದ ಬದುವಿನಲ್ಲೋ ಬಾವಿ ತೋಡಿದ ಮಣ್ಣಿನಲ್ಲೋ ಮಿರುಗುವ ಚೂರು ಸಿಕ್ಕಿದರೆ ಉಗುರಿನಿಂದ ಅದರ ಹಾಳೆ ಎಬ್ಬಿಸುವುದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತಿದ್ದ ಆಟ. ಒಂದು ಹಾಳೆ ಎದ್ದರೆ ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಉಗುರು ಸೋಲುತ್ತದೆಯೇ ಹೊರತು ಹಾಳೆ ಮುಗಿಯುವುದಿಲ್ಲ. ಏಕೆಂದರೆ ಅದರ ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ಪದರ. ಪದರದ ಒಳಗೆ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕದ ಪರಮಾಣುಗಳು ಬಿಗಿಯಾಗಿ ಹೆಣೆದುಕೊಂಡಿವೆ. ಪದರ ಪದರಗಳ ನಡುವೆ ಇರುವುದು ಪೊಟ್ಯಾಸಿಯಂ ಅಯಾನುಗಳ ಸಡಿಲ ಹಿಡಿತ. ಉಗುರು ಗೆಲ್ಲುವುದು ಅಲ್ಲಿ ಮಾತ್ರ.

ಕಾಗೆಬಂಗಾರದ ಮೂಲಕ ವಿದ್ಯುತ್ ಹರಿಯುವುದಿಲ್ಲ, ಬೆಂಕಿಗೂ ಅದು ಜಗ್ಗುವುದಿಲ್ಲ. ಹಾಗಾಗಿ ನೂರು ವರ್ಷಗಳ ಹಿಂದೆ ವಿದ್ಯುತ್ ಮೋಟಾರು ಮಾಡುವವರಿಗೆ ಅದು ಬೇಕೇ ಬೇಕಿತ್ತು. ಬೆಲೆಯೂ ಅಷ್ಟೇ ಜೋರು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ಎಂಬ ಇಬ್ಬರು ಯುವಕರು ಬದಲಿ ದಾರಿ ಹುಡುಕಿದರು. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದಿದ್ದ ಬೇಕಲೈಟ್ ರಾಳವನ್ನು ಹಾಳೆಗಳಿಗೆ ಕುಡಿಸಿ, ಪದರ ಪದರವಾಗಿ ಸುತ್ತಿ, ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದರು. 1913ರಲ್ಲಿ ಸಿನ್ಸಿನಾಟಿಯಲ್ಲಿ ಸ್ವಂತ ಕಂಪನಿ ಕಟ್ಟಿದರು. ಮೈಕಾಕ್ಕೆ ಬದಲಾಗಿ ಬಂದದ್ದು ಎಂಬ ಅರ್ಥದಲ್ಲಿ ಅದಕ್ಕೆ ‘ಫಾರ್ಮೈಕಾ’ ಎಂದು ಹೆಸರಿಟ್ಟರು. ಮೋಟಾರಿನ ಹೊಟ್ಟೆಯಲ್ಲಿದ್ದ ಆ ವಸ್ತು ಮುಂದೆ ಬಣ್ಣ ಹಚ್ಚಿಕೊಂಡು ಮೇಜಿನ ಮೇಲೆ ಬಂತು. ನಮ್ಮ ದೇಶದಲ್ಲಿ ಸನ್‌ಮೈಕಾ ಎಂಬ ಬ್ರ್ಯಾಂಡ್ ಮನೆಮಾತಾಗಿ, ಕೊನೆಗೆ ಬಡಗಿಯ ಬಾಯಲ್ಲಿ ಬರೀ ಮೈಕಾ ಆಯಿತು. ಬದಲಿಗೆ ಬಂದವನು ಯಜಮಾನನ ಹೆಸರನ್ನೇ ಇಟ್ಟುಕೊಂಡ ಕತೆ ಇದು.

ಅಂಗಡಿಯ ಬಿಲ್ಲಿನಲ್ಲಿ ಮಾತ್ರ ಅದರ ಹೆಸರು ಲ್ಯಾಮಿನೇಟ್. ಲ್ಯಾಟಿನ್ನಿನಲ್ಲಿ ‘ಲಾಮಿನಾ’ ಎಂದರೆ ತೆಳು ತಗಡು, ಹಾಳೆ. ಆ ಒಂದು ಬೀಜದಿಂದ ಎಷ್ಟೊಂದು ಗಿಡ! ಸಸ್ಯಶಾಸ್ತ್ರದಲ್ಲಿ ಎಲೆಯ ಅಗಲವಾದ ಭಾಗ ಲ್ಯಾಮಿನಾ. ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುವುದು ಲ್ಯಾಮಿನೇಷನ್. ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಕತ್ತರಿಸಿದ ಉಕ್ಕಿನ ತಗಡೂ ಲ್ಯಾಮಿನೇಷನ್. ಹಿಟ್ಟಿನ ನಡುವೆ ಬೆಣ್ಣೆಯೋ ಡಾಲ್ಡಾವೋ ಇಟ್ಟು ಮಡಚಿ ಲಟ್ಟಿಸುವುದನ್ನು ಬೇಕರಿ ಕಲಿತವರು ಲ್ಯಾಮಿನೇಷನ್ ಎಂದೇ ಕರೆಯುತ್ತಾರೆ. ಗುಜರಾತಿನಲ್ಲಿ ಬೆಳಗಿನ ಚಹಾದಲ್ಲಿ ಅದ್ದಿ ತಿನ್ನುವ ಖಾರಿ ಹೀಗೆ ಹುಟ್ಟುತ್ತದೆ. ನಮ್ಮ ಮದುವೆಮನೆಯ ಚಿರೋಟಿಯೂ ಹೀಗೆಯೇ: ಲಟ್ಟಿಸಿದ ಹಾಳೆಗಳ ನಡುವೆ ತುಪ್ಪದಲ್ಲಿ ಕಲಸಿದ ಅಕ್ಕಿಹಿಟ್ಟು ಸವರಿ, ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿ ಎಣ್ಣೆಗೆ ಬಿಡುವುದು.

ಇಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬೀಳಬೇಕು. ಚಿರೋಟಿ ಚೆನ್ನಾಗಿ ‘ಪದರ ಬಿಟ್ಟಿದೆ’ ಎಂದರೆ ಅಡುಗೆಭಟ್ಟರಿಗೆ ಹೊಗಳಿಕೆ. ಕಪಾಟಿನ ಬಾಗಿಲು ‘ಪದರ ಬಿಟ್ಟಿದೆ’ ಎಂದರೆ ಬಡಗಿಗೆ ಬೈಗುಳ. ಎರಡೂ ಕಡೆ ಇರುವುದು ಹಾಳೆಗಳೇ. ವ್ಯತ್ಯಾಸವೆಲ್ಲ ಹಾಳೆಗಳ ನಡುವೆ ಏನಿದೆ ಎಂಬುದರಲ್ಲಿ. ಲ್ಯಾಮಿನೇಟ್ ಯಾವುದೇ ಇರಲಿ, ಅದರ ಗುಟ್ಟು ಹಾಳೆಯಲ್ಲಿ ಕಾಲುಪಾಲು, ನಡುವಿನ ಸಂದಿಯಲ್ಲಿ ಮುಕ್ಕಾಲು ಪಾಲು. ಈ ಸಂದಿಗಳನ್ನು ನೋಡಲು ಗುಜರಾತಿನ ಮೂರು ಊರುಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮುನ್ನೂರು ಆನೆಗಳ ಕೆಳಗೆ

ಅಹಮದಾಬಾದಿನಿಂದ ಉತ್ತರಕ್ಕೆ ಗಾಂಧಿನಗರ, ಪ್ರಾಂತಿಜ್, ಹಿಮ್ಮತ್‌ನಗರದ ಕಡೆ ಹೋದರೆ ದಾರಿಯುದ್ದಕ್ಕೂ ಲ್ಯಾಮಿನೇಟ್ ಕಾರ್ಖಾನೆಗಳು. ಸೌರಾಷ್ಟ್ರದ ಮೋರ್ಬಿಯಲ್ಲಿ ಹೆಂಚು, ಟೈಲ್ಸ್‌ಗಳ ಪಕ್ಕದಲ್ಲೇ ಇನ್ನೊಂದಷ್ಟು. ಒಳಗೆ ಮೊದಲು ಕಾಣುವುದು ಕಾಗದದ ದೊಡ್ಡ ದೊಡ್ಡ ಉರುಳೆಗಳು. ಕಂದು ಕ್ರಾಫ್ಟ್ ಕಾಗದ ಒಂದು ಕಡೆ, ತೇಗದ ಗೆರೆಯೋ ಅಮೃತಶಿಲೆಯ ಮೋಡವೋ ಅಚ್ಚಾಗಿರುವ ಬಣ್ಣದ ಕಾಗದ ಇನ್ನೊಂದು ಕಡೆ. ಕ್ರಾಫ್ಟ್ ಕಾಗದ ಫೀನಾಲ್ ರಾಳದ ತೊಟ್ಟಿಯಲ್ಲಿ ಮುಳುಗಿ ಏಳುತ್ತದೆ. ಬಣ್ಣದ ಕಾಗದ ಮೆಲಮೈನ್ ರಾಳದಲ್ಲಿ ಮೀಯುತ್ತದೆ. ಎರಡೂ ಒಲೆಯೊಳಗೆ ಹಾದು ಅರೆಬರೆ ಒಣಗಿ, ಹಪ್ಪಳದ ಹಾಳೆಯಂತೆ ಗರಿಗರಿಯಾಗಿ ಹೊರಬರುತ್ತವೆ.

ಎರಡು ರಾಳ ಏಕೆ? ಫೀನಾಲ್ ರಾಳ ಅಗ್ಗ, ಗಟ್ಟಿ, ತುಸು ಬಾಗುವ ಗುಣವೂ ಉಂಟು. ಆದರೆ ಬಣ್ಣ ಕಡುಕಂದು. ಮೇಲೆ ಹಚ್ಚಿದರೆ ಚಿತ್ತಾರವೆಲ್ಲ ಮುಚ್ಚಿಹೋಗುತ್ತದೆ. ಮೆಲಮೈನ್ ರಾಳ ಗಾಜಿನಂತೆ ತಿಳಿ, ಗೀರು ಬೀಳದಷ್ಟು ಗಡಸು, ಆದರೆ ದುಬಾರಿ ಮತ್ತು ಬೇಗ ಸೀಳುವಂಥದ್ದು. ಆದ್ದರಿಂದ ಬೆನ್ನೆಲುಬಿಗೆ ಫೀನಾಲ್, ಮುಖಕ್ಕೆ ಮೆಲಮೈನ್. ಒಬ್ಬನಿಗೇ ಎಲ್ಲ ಕೆಲಸ ಒಪ್ಪಿಸದೆ ಹಂಚಿಕೊಡುವುದು ಪದರದ ಮೊದಲ ನೀತಿ.

ಆಮೇಲೆ ಜೋಡಣೆ. ಬೇಕಾದ ದಪ್ಪಕ್ಕೆ ತಕ್ಕಷ್ಟು ಕ್ರಾಫ್ಟ್ ಹಾಳೆ, ಅದರ ಮೇಲೆ ಬಣ್ಣದ ಹಾಳೆ, ಅದರ ಮೇಲೆ ನುಣುಪಾದ ಸ್ಟೀಲ್ ತಗಡು. ಹೊಳಪೋ ಮಂಕೋ ಮರದ ಗೆರೆಯೋ, ಮೈ ಹೇಗಿರಬೇಕೆಂದು ಹೇಳುವುದು ಈ ತಗಡು. ಇಂಥ ಅಡಕುಗಳನ್ನು ಹತ್ತಾರು ಅಂತಸ್ತಿನ ಪ್ರೆಸ್ಸಿನಲ್ಲಿ ಇಟ್ಟು ಒತ್ತುತ್ತಾರೆ. ಬಿಸಿ ಕನಿಷ್ಠ 120 ಡಿಗ್ರಿ ಸೆಲ್ಸಿಯಸ್. ಒತ್ತಡ ಒಂದು ಚದರ ಸೆಂಟಿಮೀಟರಿಗೆ ಕನಿಷ್ಠ 50 ಕಿಲೋ. ಎಂಟಡಿ-ನಾಲ್ಕಡಿಯ ಒಂದು ಹಾಳೆಗೆ ಲೆಕ್ಕ ಹಾಕಿದರೆ ಸುಮಾರು 1,500 ಟನ್. ದಸರೆಯ ಆನೆಯೊಂದು 5 ಟನ್ ತೂಗಿದರೆ, ಒಂದರ ಮೇಲೊಂದು ಮುನ್ನೂರು ಆನೆ!

ಅಷ್ಟೊಂದು ಭಾರಕ್ಕೆ ಕಾರಣ ಅಂಟಿಸುವ ಆತುರ ಮಾತ್ರ ಅಲ್ಲ. ರಾಳದ ಅಣುಗಳು ಕೈಕೈ ಹಿಡಿದು ಬಲೆಯಾಗುವಾಗ ನೀರನ್ನು ಹೊರಗೆ ಬಿಡುತ್ತವೆ. ಆ ಬಿಸಿಯಲ್ಲಿ ನೀರು ಆವಿಯಾಗುತ್ತದೆ. ಆನೆಗಳ ಭಾರ ಇಲ್ಲದಿದ್ದರೆ ಆವಿ ಹಾಳೆಗಳ ನಡುವೆ ನುಗ್ಗಿ, ಹಂಚಿನ ಮೇಲಿನ ಫುಲ್ಕದಂತೆ ಮೈಕಾವನ್ನು ಉಬ್ಬಿಸಿಬಿಡುತ್ತದೆ. ಅದಕ್ಕೇ ಹಾಳೆ ತಣ್ಣಗಾಗುವವರೆಗೂ ಒತ್ತಡ ಇಳಿಸುವಂತಿಲ್ಲ. ಚಿರೋಟಿಗೆ ಬೇಕಾದದ್ದೇ ಈ ಆವಿ! ಕಾದ ಎಣ್ಣೆಯಲ್ಲಿ ಹಿಟ್ಟಿನ ನೀರು ಆವಿಯಾಗಿ, ತುಪ್ಪ ಸವರಿದ ಸಂದಿಯಲ್ಲಿ ಹಾಳೆಗಳನ್ನು ದೂರ ತಳ್ಳುತ್ತದೆ. ಭೌತಶಾಸ್ತ್ರ ಒಂದೇ, ಭಟ್ಟರು ಆವಿಗೆ ದಾರಿ ಬಿಡುತ್ತಾರೆ, ಕಾರ್ಖಾನೆಯವರು ಆನೆ ಕೂರಿಸುತ್ತಾರೆ.

ಹೀಗೆ ಬೆಂದ ರಾಳ ಮತ್ತೆ ಕರಗುವುದಿಲ್ಲ. ಬೆಂದ ಮೊಟ್ಟೆಯನ್ನು ಹಸಿ ಮಾಡಲಾಗದಂತೆ ಇದೂ ಒನ್‌ವೇ ದಾರಿ. ಹಳೆಯ ರೇಡಿಯೋ ಬಿಚ್ಚಿದವರಿಗೆ ಒಳಗಿನ ಕಂದು ಬೋರ್ಡು ನೆನಪಿರಬೇಕು. ಅದೂ ಕಾಗದ ಮತ್ತು ಫೀನಾಲ್ ರಾಳದ ಲ್ಯಾಮಿನೇಟೇ, ಮೇಲೊಂದು ತಾಮ್ರದ ಹಾಳೆ ಅಷ್ಟೇ. ಅಡುಗೆಮನೆಯ ಮೈಕಾ ಮತ್ತು ರೇಡಿಯೋದ ಬೋರ್ಡು ಒಂದೇ ತಾಯಿಯ ಮಕ್ಕಳು.

ಮೈಕಾ ಒಂದು ಚರ್ಮ. ಅದಕ್ಕೆ ಮೈ ಬೇಕು. ಆ ಮೈ ಪ್ಲೈವುಡ್ಡಿನದೋ ಎಂಡಿಎಫ್ ಹಲಗೆಯದೋ ಆಗಿರುತ್ತದೆ. ಅಹಮದಾಬಾದ್ ಮೂಲದ ರುಶಿಲ್ ಡೆಕೋರ್ ಕಂಪನಿ ಮೈಕಾವನ್ನು ಗುಜರಾತಿನಲ್ಲಿ ಒತ್ತುತ್ತದೆ, ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್ ಹಲಗೆಗೆ ನಮ್ಮ ಚಿಕ್ಕಮಗಳೂರಿಗೆ ಬಂದಿದೆ. ಪ್ಲೈವುಡ್ಡಿನ ಜಾಣತನ ಇನ್ನೊಂದು ಬಗೆಯದು. ಮರ ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಮೆದು. ಮಳೆಗಾಲದಲ್ಲಿ ಉಬ್ಬುವುದೂ ಅಡ್ಡಕ್ಕೇ. ಆದ್ದರಿಂದ ಒಂದು ಪದರದ ಎಳೆ ಉದ್ದಕ್ಕೆ ಇಟ್ಟರೆ ಮೇಲಿನದನ್ನು ಅಡ್ಡಕ್ಕೆ ಇಡುತ್ತಾರೆ. ಒಂದು ಹಿಗ್ಗಲು ಹೊರಟರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಮೂರು, ಐದು, ಏಳು ಎಂದು ಬೆಸವಾಗಿರುವುದು ಎರಡೂ ಮುಖ ಒಂದೇ ರೀತಿ ಎಳೆಯಲಿ, ಹಲಗೆ ಬಾಗದಿರಲಿ ಎಂದು. ಒಂದೇ ಬದಿಗೆ ಮೈಕಾ ಹಚ್ಚಿ ಇನ್ನೊಂದು ಬದಿ ಬೋಳು ಬಿಟ್ಟರೆ ಬಾಗಿಲು ಬಿಲ್ಲಾಗುವುದೂ ಇದೇ ಕಾರಣಕ್ಕೆ.

ಈ ಮರದ ಹಾಳೆಗಳನ್ನು ಬೇಕೆಂದೇ ಬಗ್ಗಿಸಿ ಹೆಸರಾದ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಕಾಲಿನ ಮೂಳೆ ಮುರಿದವರಿಗೆ ಕಟ್ಟುವ ಪ್ಲೈವುಡ್ ದಬ್ಬೆ ಮಾಡಿಕೊಟ್ಟರು. ಆ ಕೈಚಳಕವೇ ಮುಂದೆ ಅವರ ಕುರ್ಚಿಗಳಾಯಿತು. ಅವರು 1958ರಲ್ಲಿ ಭಾರತ ಸರ್ಕಾರಕ್ಕೆ ವಿನ್ಯಾಸದ ಬಗ್ಗೆ ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಸಾಬರಮತಿ ದಂಡೆಯಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಪದರ ಬಗ್ಗಿಸಿದವರ ಮಾತಿನಿಂದ ಶಾಲೆಯೊಂದು ಎದ್ದ ಊರಿನ ಸುತ್ತಲೇ ಇಂದು ಲ್ಯಾಮಿನೇಟ್ ಕಾರ್ಖಾನೆಗಳಿರುವುದು ಕಾಕತಾಳೀಯ, ಆದರೆ ಚೆಂದದ ಕಾಕತಾಳೀಯ.

ಬಿರುಕಿಗೆ ದಾರಿ ತಪ್ಪಿಸುವುದು

ಅಹಮದಾಬಾದಿನಲ್ಲೇ ಸುಮಾರು ನಾನೂರು ವರ್ಷ ಹಳೆಯ ಲ್ಯಾಮಿನೇಟ್ ಒಂದಿದೆ. ಶಾಹ್ ಆಲಂ ದರ್ಗಾದ ಸಮಾಧಿಯ ಮೇಲಿನ ಮರದ ಮಂಟಪಕ್ಕೆ ಮುತ್ತಿನ ಚಿಪ್ಪಿನ ಒಳಮೈಯನ್ನು ಕತ್ತರಿಸಿ ಕೂರಿಸಿದ್ದಾರೆ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಗುಜರಾತಿನ ಚಿಪ್ಪಿನ ಕೆಲಸದ ಪೆಟ್ಟಿಗೆ, ಬಟ್ಟಲುಗಳು ಯೂರೋಪಿನ ಅರಮನೆಗಳವರೆಗೆ ಹೋಗಿದ್ದವು. ಕೆತ್ತುವವರು ಮೆಚ್ಚಿದ್ದು ಅದರ ಕಾಮನಬಿಲ್ಲಿನ ಹೊಳಪನ್ನು. ವಿಜ್ಞಾನಿಗಳು ಮೆಚ್ಚಿದ್ದು ಅದು ಒಡೆಯದಿರುವುದನ್ನು.

ಈ ಚಿಪ್ಪಿನ ನೂರರಲ್ಲಿ ತೊಂಬತ್ತೈದು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದಕಲ್ಲಿನ ಬಂಧು. ಕುಟ್ಟಿದರೆ ಪುಡಿಯಾಗುವ ಜಾತಿ. ಆದರೆ ಚಿಪ್ಪನ್ನು ಒಡೆಯಲು ಅದೇ ಖನಿಜದ ಗಟ್ಟಿ ತುಂಡಿಗೆ ಬೇಕಾದುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಶಕ್ತಿ ಬೇಕು. ಕಾರಣ ಉಳಿದ ಐದು ಪಾಲು. ಚಿಪ್ಪಿನೊಳಗಿನ ಜೀವಿ ಖನಿಜವನ್ನು ಅರ್ಧ ಮೈಕ್ರಾನ್ ದಪ್ಪದ ಬಿಲ್ಲೆಗಳನ್ನಾಗಿ ಇಟ್ಟಿಗೆಯಂತೆ ಜೋಡಿಸಿ, ನಡುವೆ ಪ್ರೋಟೀನಿನ ಮೆತ್ತನೆ ಗಾರೆ ಸವರುತ್ತದೆ. ಗಟ್ಟಿ ವಸ್ತುವಿನಲ್ಲಿ ಒಮ್ಮೆ ಹುಟ್ಟಿದ ಬಿರುಕು ಕೊನೆಯ ತನಕ ನೇರ ಓಡುತ್ತದೆ. ಇಲ್ಲಿ ಪ್ರತಿ ಬಿಲ್ಲೆಯ ಕೊನೆಗೆ ಮೆದು ಸಂದಿ ಸಿಕ್ಕಿ ಬಿರುಕು ಮೊಂಡಾಗುತ್ತದೆ, ಅಡ್ಡಕ್ಕೆ ತಿರುಗುತ್ತದೆ, ಗಲ್ಲಿ ಗಲ್ಲಿ ಸುತ್ತಿ ಸುಸ್ತಾಗುತ್ತದೆ. ಹಳೆಯ ಅಹಮದಾಬಾದಿನ ಪೋಳ್‌ಗಳಲ್ಲಿ, ಅಂದರೆ ಆ ಇಕ್ಕಟ್ಟಿನ ಓಣಿಗಳಲ್ಲಿ, ದಾರಿ ತಪ್ಪಿದ ಹೊಸಬನ ಪಾಡೇ ಬಿರುಕಿನ ಪಾಡು.

ಕಾರಿನ ಮುಂದಿನ ಗಾಜಿನದೂ ಇದೇ ಉಪಾಯ. 1903ರಲ್ಲಿ ಎದುವಾರ್ ಬೆನೆದಿಕ್ತುಸ್ ಎಂಬ ಫ್ರೆಂಚ್ ರಸಾಯನಜ್ಞನ ಕೈಯಿಂದ ಗಾಜಿನ ಸೀಸೆ ಜಾರಿ ಬಿತ್ತು. ಒಡೆಯಿತು, ಆದರೆ ಚೂರು ಚದುರಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ತೆಳು ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. ಇಂದು ಎರಡು ಗಾಜುಗಳ ನಡುವೆ ಮಿಲಿಮೀಟರಿನ ಮುಕ್ಕಾಲು ಪಾಲು ದಪ್ಪದ ಬೇರೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಕಲ್ಲು ಬಡಿದರೆ ಗಾಜು ಜೇಡರ ಬಲೆಯಾಗುತ್ತದೆಯೇ ಹೊರತು ಮುಖದ ಮೇಲೆ ಬೀಳುವುದಿಲ್ಲ.

ಯೂರಿಯಾ ಮೂಟೆಯಿಂದ ಅಡುಗೆಕಟ್ಟೆಗೆ

ಅಹಮದಾಬಾದಿನಿಂದ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರ್ ಇಳಿದರೆ ವಡೋದರಾ. ಮೈಕಾದ ಮುಖಕ್ಕೆ ಹಚ್ಚುವ ಮೆಲಮೈನ್ ಹುಟ್ಟುವ ಊರು. ಇಲ್ಲಿನ ಗುಜರಾತ್ ಸ್ಟೇಟ್ ಫರ್ಟಿಲೈಸರ್ಸ್, ಅಂದರೆ ಜಿಎಸ್‌ಎಫ್‌ಸಿ, ದೇಶದಲ್ಲಿ ಮೆಲಮೈನ್ ತಯಾರಿಸುವ ಏಕೈಕ ಕಂಪನಿ ಎಂದು ಹೆಸರಾಗಿದೆ. ಗೊಬ್ಬರದ ಕಾರ್ಖಾನೆಗೂ ಅಡುಗೆಕಟ್ಟೆಗೂ ಏನು ನಂಟು? ನಂಟು ಯೂರಿಯಾದಲ್ಲಿದೆ. ನಮ್ಮ ರೈತರು ಭತ್ತಕ್ಕೆ ಎರಚುವ ಅದೇ ಬಿಳಿ ಹರಳು. ಅದನ್ನು 350ರಿಂದ 400 ಡಿಗ್ರಿಯಲ್ಲಿ ಕಾಯಿಸಿದರೆ ಆರು ಯೂರಿಯಾ ಅಣುಗಳು ಸೇರಿ ಒಂದು ಮೆಲಮೈನ್ ಅಣುವಾಗುತ್ತದೆ. ಆರು ಅಮೋನಿಯಾ, ಮೂರು ಇಂಗಾಲದ ಡೈಆಕ್ಸೈಡ್ ಅಣುಗಳು ಹೊರಬೀಳುತ್ತವೆ. ಅಮೋನಿಯಾ ವ್ಯರ್ಥವಾಗುವುದಿಲ್ಲ, ಮತ್ತೆ ಗೊಬ್ಬರಕ್ಕೆ ಹೋಗುತ್ತದೆ. ಗೊಬ್ಬರದ ಕಾರ್ಖಾನೆಯಲ್ಲೇ ಮೆಲಮೈನ್ ಮಾಡುವುದು ಲಾಭವಾಗುವುದು ಇದಕ್ಕೇ.

ಮೆಲಮೈನಿನ ತೂಕದಲ್ಲಿ ಮೂರನೆಯ ಎರಡು ಪಾಲು ಸಾರಜನಕ. 2008ರಲ್ಲಿ ಚೀನಾದ ಹಾಲಿನ ಕಲಬೆರಕೆದಾರರು ಈ ಗುಣವನ್ನೇ ದುರುಪಯೋಗ ಮಾಡಿದರು. ಹಾಲಿನ ಪ್ರೋಟೀನನ್ನು ಸಾರಜನಕದ ಲೆಕ್ಕದಲ್ಲಿ ಅಳೆಯುವ ಪರೀಕ್ಷೆಯನ್ನು ಮೆಲಮೈನ್ ಬೆರೆಸಿ ವಂಚಿಸಿದರು. ಕಂದಮ್ಮಗಳ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು. ಮೇಜಿನ ಮೇಲಿರಬೇಕಾದದ್ದು ಲೋಟದೊಳಗೆ ಬಂದರೆ ಹೀಗಾಗುತ್ತದೆ.

ಗುಜರಾತಿನಲ್ಲೇ ಇಷ್ಟು ಕಾರ್ಖಾನೆಗಳು ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೆಲಮೈನ್ ವಡೋದರಾದಲ್ಲಿ, ಫೀನಾಲ್ ದಹೇಜಿನ ರಸಾಯನ ಪಟ್ಟಿಯಲ್ಲಿ, ಎರಡೂ ರಾಳಕ್ಕೆ ಬೆರೆಸುವ ಫಾರ್ಮಾಲ್ಡಿಹೈಡಿಗೆ ಬೇಕಾದ ಮೆಥನಾಲ್ ಮತ್ತು ಪ್ಲೈವುಡ್ಡಿನ ದಿಮ್ಮಿ ಕಾಂಡ್ಲಾ ಬಂದರಿನಲ್ಲಿ. ಕಾಗದವೊಂದು ಸಿಕ್ಕಿದರೆ ಸಾಕು, ಅಂಟು ಮನೆಯಂಗಳದಲ್ಲೇ ಇದೆ.

ಹೊಸ ಕಪಾಟು ತೆರೆದಾಗ ಕಣ್ಣು ಚುರುಗುಟ್ಟಿಸುವ ವಾಸನೆ ಈ ಫಾರ್ಮಾಲ್ಡಿಹೈಡಿನದೇ. ಹಲಗೆಯ ಅಗ್ಗದ ಯೂರಿಯಾ ಅಂಟು ತೇವಕ್ಕೆ ನಿಧಾನವಾಗಿ ಕರಗುತ್ತಾ ಅದನ್ನು ಹೊರಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಹಾಗಾಗಿ ಹೊಸ ಕಪಾಟನ್ನು ಕೆಲವು ದಿನ ಬಾಗಿಲು ತೆಗೆದಿಟ್ಟು ಗಾಳಿಯಾಡಿಸಿ. ಅಡುಗೆಮನೆಗೆ ಅಂಗಡಿಯವರು ‘710’ ಎಂದು ಕೂಗುವ ಪ್ಲೈವುಡ್ ಕೇಳಿ. ಅದು ಭಾರತೀಯ ಮಾನಕದ ಸಂಖ್ಯೆ. ಅದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು.

ಅಂಟಬಾರದ ಹಾಳೆಗಳು

ವಡೋದರಾದ ಇನ್ನೊಂದು ಮುಖ ಟ್ರಾನ್ಸ್‌ಫಾರ್ಮರ್. ಊರಿನ ಸುತ್ತ ಅದನ್ನು ಕಟ್ಟುವ ದೊಡ್ಡ ಚಿಕ್ಕ ಕಂಪನಿಗಳು, ಮಕರ್‌ಪುರಾದಲ್ಲಿ ವಿದ್ಯುತ್ ಸಾಮಗ್ರಿ ಪರೀಕ್ಷಿಸುವ ಇಆರ್‌ಡಿಎ ಸಂಸ್ಥೆ. ನಮ್ಮ ಹಳ್ಳಿಗಳಲ್ಲಿ ‘ಟೀಸಿ’ ಎಂದು ಕರೆಯುವ, ಸುಟ್ಟರೆ ಊರಿಗೆ ಊರೇ ಲೈನ್‌ಮನ್ ಹಿಂದೆ ಓಡುವ ಆ ಪೆಟ್ಟಿಗೆಯ ಎದೆಯಲ್ಲಿರುವುದು ಉಕ್ಕಿನ ಲ್ಯಾಮಿನೇಷನ್. ಇಲ್ಲಿ ಪದರದ ನೀತಿ ತಲೆಕೆಳಗು: ಹಾಳೆಗಳು ಒತ್ತಿ ಕೂರಬೇಕು, ಆದರೆ ಒಂದನ್ನೊಂದು ‘ಮುಟ್ಟಬಾರದು’.

ಟ್ರಾನ್ಸ್‌ಫಾರ್ಮರಿನ ತಿರುಳಿನಲ್ಲಿ ಕಾಂತಬಲ ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡುತ್ತದೆ. ಹಾಗೆ ಆಡುವ ಕಾಂತಬಲ ಪಕ್ಕದ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ, ಅದು ನಮಗೆ ಬೇಕಾದದ್ದು. ಆದರೆ ಉಕ್ಕೂ ಲೋಹವೇ. ಅದರ ಹೊಟ್ಟೆಯೊಳಗೂ ಹೊಳೆಯ ಸುಳಿಯಂತೆ ವಿದ್ಯುತ್ ಸುತ್ತತೊಡಗುತ್ತದೆ, ಯಾರಿಗೂ ಬೇಡವಾದ ಬಿಸಿ ಹುಟ್ಟುತ್ತದೆ. ತಿರುಳು ಒಂದೇ ಗಟ್ಟಿ ಉಕ್ಕಿನ ದಿಮ್ಮಿಯಾಗಿದ್ದರೆ ಟೀಸಿ ನೀರು ಕಾಯಿಸುವ ಹಂಡೆಯಾಗುತ್ತಿತ್ತು. ದಿಮ್ಮಿಯನ್ನು ಹಾಳೆ ಹಾಳೆಯಾಗಿ ಸೀಳಿ, ನಡುವೆ ವಿದ್ಯುತ್ ಹರಿಯದ ಲೇಪ ಕೊಟ್ಟರೆ ಸುಳಿಗೆ ಸುತ್ತಲು ಅಂಗಳವೇ ಇರುವುದಿಲ್ಲ. ಈ ನಷ್ಟ ಹಾಳೆಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಅರ್ಧ ಮಾಡಿದರೆ ನಷ್ಟ ಕಾಲು ಪಾಲು.

ಅದಕ್ಕೇ ಇಂದಿನ ಹಾಳೆಗಳು 0.23ರಿಂದ 0.30 ಮಿಲಿಮೀಟರ್, ಒಂದು ದಪ್ಪ ಆಮಂತ್ರಣ ಪತ್ರಿಕೆಯಷ್ಟು. ಲೇಪದ ದಪ್ಪ ಕೆಲವೇ ಮೈಕ್ರಾನ್. ಉಕ್ಕಿಗೆ ಸುಮಾರು ಶೇಕಡಾ 3ರಷ್ಟು ಸಿಲಿಕಾನ್ ಬೆರೆಸಿರುತ್ತಾರೆ, ಅದೂ ಸುಳಿಯ ಕಾಲಿಗೆ ಹಗ್ಗ. ಹಾಳೆ ಕತ್ತರಿಸುವ ಬ್ಲೇಡು ಮೊಂಡಾದರೆ ಅಂಚಿನಲ್ಲಿ ಕೂದಲಿನಂಥ ಚೂಪು ಏಳುತ್ತದೆ. ಆ ಚೂಪು ಪಕ್ಕದ ಹಾಳೆಯ ಲೇಪ ಗೀರಿ ಮುಟ್ಟಿದರೆ ಎರಡು ಹಾಳೆ ಮತ್ತೆ ಒಂದಾದಂತೆ. ತಿರುಳು ಜೋಡಿಸುವ ಕೆಲಸಗಾರ ಬೆರಳಿನಿಂದ ಅಂಚು ಸವರಿ ನೋಡುವುದು ಈ ಕೂದಲಿಗಾಗಿ.

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ನೂರು ಕಿಲೋಮೀಟರಿಗೂ ಆಚೆಯ ಕೋಲಾರದ ಚಿನ್ನದ ಗಣಿ ಮುಟ್ಟಿತಲ್ಲ, ಒತ್ತಡ ಏರಿಸಿ ಇಳಿಸುವ ಆ ಕೆಲಸ ಮಾಡಿದ್ದೂ ಹೀಗೆ ಬೇರೆ ಬೇರೆಯಾಗಿ ಕೂತ ಉಕ್ಕಿನ ಹಾಳೆಗಳ ಸುತ್ತಲೇ. ಇಂದಿಗೂ ರಾತ್ರಿ ನಿಶ್ಶಬ್ದದಲ್ಲಿ ಬೀದಿ ಮೂಲೆಯ ಟೀಸಿ ಗುಂಯ್‌ಗುಡುವುದನ್ನು ಕೇಳಿ. ಕಾಂತಬಲ ಆಡಿದಂತೆ ಹಾಳೆಗಳು ಸೆಕೆಂಡಿಗೆ ನೂರು ಸಲ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಹಿಗ್ಗಿ ಕುಗ್ಗುವ ಸದ್ದು ಅದು.

ಸೂರತ್‌ನ ಲಮೆಟ್ಟಾ

ಇನ್ನೂ ದಕ್ಷಿಣಕ್ಕೆ ತಾಪಿ ನದಿಯ ದಂಡೆಯ ಸೂರತ್. ಇಲ್ಲಿನ ಜರಿ ಕೆಲಸದವರ ಬಾಯಲ್ಲಿ ‘ಬಾದ್ಲಾ’ ಎಂಬ ಮಾತಿನ ಜೊತೆ ‘ಲಮೆಟ್ಟಾ’ ಎಂಬ ಮಾತೂ ಉಂಟು. ಚಪ್ಪಟೆ ಮಾಡಿದ ಲೋಹದ ತಂತಿ ಎಂದು ಅರ್ಥ. ಅದು ಇಟಾಲಿಯನ್ ಪದ; ಅಜ್ಜಿಯ ಹೆಸರು ಲ್ಯಾಟಿನ್ ಲಾಮಿನಾ. ಅಂದರೆ ಬಡಗಿಯ ಲ್ಯಾಮಿನೇಟ್ ಮತ್ತು ಜರಿಯವರ ಲಮೆಟ್ಟಾ ದಾಯಾದಿಗಳು. ಈ ಮನೆತನದಲ್ಲಿ ಇನ್ನೊಬ್ಬ ಅನಿರೀಕ್ಷಿತ ನೆಂಟನಿದ್ದಾನೆ: ಆಮ್ಲೆಟ್. ತೆಳು ತಗಡಿನಂತೆ ಹರಡಿದ್ದು ಎಂಬ ಅರ್ಥದ ಹಳೆಯ ಫ್ರೆಂಚ್ ಮಾತು ಬಾಯಿಂದ ಬಾಯಿಗೆ ಉರುಳಿ ಆಮ್ಲೆಟ್ ಆಯಿತು. ಮೊಟ್ಟೆಯ ತಿಂಡಿಗಳಿಗೆ ಹೆಸರಾದ ಸೂರತ್‌ನ ಬೀದಿಗಳಲ್ಲಿ ನಿಂತು ಇದನ್ನು ನೆನೆದರೆ ರುಚಿ ಇನ್ನಷ್ಟು.

ಅಸಲಿ ಜರಿ ಮಾಡುವ ಹಳೆಯ ರೀತಿ ಹೀಗೆ. ಬೆಳ್ಳಿಯ ಕಡ್ಡಿಗೆ ಚಿನ್ನದ ರೇಕು ಸುತ್ತಿ, ಕಾಯಿಸಿ, ಬಡಿದು ಒಂದು ಮಾಡುತ್ತಾರೆ. ಆಮೇಲೆ ಅಕ್ಕಸಾಲಿಗರ ಕಂಬಚ್ಚಿನಂಥ ತೂತಿನ ಅಚ್ಚುಗಳಲ್ಲಿ, ದೊಡ್ಡ ತೂತಿನಿಂದ ಚಿಕ್ಕ ತೂತಿಗೆ, ಎಳೆಯುತ್ತಲೇ ಹೋಗುತ್ತಾರೆ. ತಂತಿ ಕೂದಲಿಗಿಂತ ಸಣ್ಣದಾಗುತ್ತದೆ. ಅದನ್ನು ಉರುಳೆಗಳ ನಡುವೆ ಚಪ್ಪಟೆ ಮಾಡಿದರೆ ಲಮೆಟ್ಟಾ. ರೇಷ್ಮೆ ಎಳೆಯ ಮೇಲೆ ಸುತ್ತಿದರೆ ಜರಿ. ಇಂದು ಚಿನ್ನವನ್ನು ಕೊನೆಗೆ ವಿದ್ಯುತ್ ಲೇಪದಿಂದ ಕೊಡುವುದೇ ಹೆಚ್ಚು.

ಎಳೆತದ ಗಣಿತ ಸೊಗಸಾಗಿದೆ. ಕಡ್ಡಿಯ ಅಡ್ಡಳತೆ ನೂರನೆಯ ಒಂದು ಪಾಲಾದರೆ ಮೇಲಿನ ಚಿನ್ನದ ದಪ್ಪವೂ ನೂರನೆಯ ಒಂದು ಪಾಲು. ಉದ್ದ ಮಾತ್ರ ಹತ್ತು ಸಾವಿರ ಪಟ್ಟು. ಬೆಳ್ಳಿ ಹಿಗ್ಗಿದಷ್ಟೂ ಚಿನ್ನ ಹಿಗ್ಗುತ್ತದೆ, ಎಲ್ಲಿಯೂ ಹರಿದು ಬೆಳ್ಳಿ ಇಣುಕುವುದಿಲ್ಲ. ಅದಕ್ಕೆ ಕಾರಣ ಎರಡರ ನಡುವೆ ಏನೂ ಇಲ್ಲದಿರುವುದು! ಅಂಟಿಲ್ಲ, ಲೇಪವಿಲ್ಲ. ಚಿನ್ನ ಬೆಳ್ಳಿಗಳ ಪರಮಾಣುಗಳು ಗಾತ್ರದಲ್ಲಿ ಹೆಚ್ಚು ಕಡಿಮೆ ಒಂದೇ. ಬಿಸಿ ಮತ್ತು ಒತ್ತಡದಲ್ಲಿ ಗಡಿ ದಾಟಿ ಒಂದರ ಮನೆಗೆ ಇನ್ನೊಂದು ಹೊಕ್ಕುಬಿಡುತ್ತವೆ. ಸಂದಿಯೇ ಮಾಯವಾದ ಲ್ಯಾಮಿನೇಟ್ ಇದು.

ದಕ್ಷಿಣದ ರೇಷ್ಮೆ ಮಗ್ಗಗಳಿಗೆ ತಲೆಮಾರುಗಳಿಂದ ಜರಿ ಬಂದದ್ದು ಸೂರತ್‌ನಿಂದ. ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, 0.65 ಚಿನ್ನ ಎಂದು ಅದನ್ನು ನೇಯುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿ ಹೇಳಿಕೊಳ್ಳುತ್ತದೆ. ಬೆಳ್ಳಿಯ ನೂರನೆಯ ಒಂದು ಪಾಲಷ್ಟೇ ಚಿನ್ನ, ಆದರೂ ಕಣ್ಣಿಗೆ ಕಾಣುವುದೆಲ್ಲ ಚಿನ್ನ. ಅಗ್ಗದ ಸೀರೆಯ ಜರಿಯೂ ಸೂರತ್‌ನದೇ: ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಆವಿ ಹಿಡಿಸಿ, ಹಳದಿ ಮೆರುಗು ಬಳಿದು, ಕೂದಲಗಲಕ್ಕೆ ಸೀಳಿದ್ದು. ಒಂದು ಎಳೆಯನ್ನು ಬೆಂಕಿಗೆ ಹಿಡಿದರೆ ಗುಟ್ಟು ರಟ್ಟು. ಪ್ಲಾಸ್ಟಿಕ್ ಸುಕ್ಕಾಗಿ ಮಣಿಯಾಗುತ್ತದೆ. ಅಸಲಿಯಲ್ಲಿ ರೇಷ್ಮೆ ಸುಟ್ಟು ಲೋಹ ಉಳಿಯುತ್ತದೆ.

ಬಿಡಿಸಲಾಗದ ಗಂಟು

ಜರಿಯ ಆ ಪ್ಲಾಸ್ಟಿಕ್ ಹಾಳೆಯ ಬಂಧುವೇ ಚಿಪ್ಸ್ ಪೊಟ್ಟಣದ ಒಳಮೈ. ವಡೋದರಾ ಬಳಿಯ ಕರ್ಜಣದಲ್ಲಿ ಕಾಸ್ಮೊ ಕಂಪನಿಯ ಕಾರ್ಖಾನೆ ಇಂಥ ತೆಳು ಹಾಳೆಗಳನ್ನು ಹಿಗ್ಗಿಸಿ ಹಿಗ್ಗಿಸಿ ಮಾಡುತ್ತದೆ. ಪೊಟ್ಟಣದ ಒಂದು ಪದರ ಅಚ್ಚಿಗೆ, ಒಂದು ಗಾಳಿ ಬೆಳಕು ತಡೆಯುವುದಕ್ಕೆ, ಒಂದು ಬಿಸಿಯಲ್ಲಿ ಬಾಯಿ ಮುಚ್ಚುವುದಕ್ಕೆ. ನಡುವಿನ ಅಲ್ಯೂಮಿನಿಯಂ ಕೆಲವು ಹತ್ತು ನ್ಯಾನೋಮೀಟರ್ ಮಾತ್ರ. ಮೂರೂ ಸೇರಿ ಕಾಗದಕ್ಕಿಂತ ತೆಳು. ತಿಂದು ಎಸೆದ ಮೇಲೆ ಈ ಜಾಣತನವೇ ಶಾಪ. ಒಂದೊಂದು ಪದರ ಬೇರೆಯಾಗಿದ್ದರೆ ಕರಗಿಸಿ ಮರುಬಳಸಬಹುದಿತ್ತು. ಅಂಟಿದ ಮೇಲೆ ಚಿಂದಿ ಆಯುವವರೂ ಮುಟ್ಟುವುದಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದಿತು. 2018ರ ತಿದ್ದುಪಡಿ, ಸುಟ್ಟು ಶಕ್ತಿ ಪಡೆಯಲು ಬರುವಂಥದ್ದಕ್ಕೂ ಬೇರೆ ಉಪಯೋಗಕ್ಕೆ ಒದಗುವಂಥದ್ದಕ್ಕೂ ವಿನಾಯಿತಿ ಕೊಟ್ಟಿತು. ಬಿಗಿ ಅಂಟು ನಿಯಮದ ಹಿಡಿತವನ್ನು ಸಡಿಲ ಮಾಡಿತು.

ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್ನಿನಲ್ಲೂ ಇದೇ ಪಾಠ. ಆ ಪ್ಲಾಸ್ಟಿಕ್ ಚೀಲದ ಒಳಮೈಗೆ ಇವಿಎ ಎಂಬ ಅಂಟು ಹಚ್ಚಿರುತ್ತದೆ. ಬಿಸಿ ಉರುಳೆಯಲ್ಲಿ ಅದು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಇನ್ನು ಬಿಡಿಸಿದರೆ ಅಕ್ಷರವೂ ಅಂಟಿನ ಜೊತೆ ಹೊರಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಶಾಶ್ವತ ಮಾಡಲು ಹೋಗಿ, ಮುಂದೆ ಸೀಲು ಹಾಕಿಸಲೂ ಬಾರದಂತೆ ಮಾಡಿಕೊಂಡವರು ಎಷ್ಟೋ.

ಅದೇ ಇವಿಎ ಸೂರತ್ ಸುತ್ತಲಿನ ಸೌರಫಲಕ ಕಾರ್ಖಾನೆಗಳಲ್ಲಿ ಬೇರೆಯದೇ ಮರ್ಯಾದೆ ಪಡೆಯುತ್ತದೆ. ಗಾಜು, ಇವಿಎ, ಸಿಲಿಕಾನ್ ಬಿಲ್ಲೆ, ಮತ್ತೆ ಇವಿಎ, ಬೆನ್ನಹಾಳೆ: ಇಷ್ಟನ್ನು ಜೋಡಿಸಿ, ಗಾಳಿ ಹೀರಿ ತೆಗೆದು, ಸುಮಾರು 150 ಡಿಗ್ರಿಯಲ್ಲಿ ಬೇಯಿಸಿದರೆ ಫಲಕ. ನಮ್ಮ ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗಿರುವುದು ಇಂಥ ಲ್ಯಾಮಿನೇಟುಗಳೇ. ಇಲ್ಲಿ ಅಂಟು ಕಾಲು ಶತಮಾನ ಬಿಡಬಾರದು. ಒಂದು ಮೂಲೆಯಲ್ಲಿ ಬಿಟ್ಟರೂ ತೇವ ನುಗ್ಗಿ ಒಳಗಿನ ಬೆಸುಗೆ ತುಕ್ಕು ಹಿಡಿಯುತ್ತದೆ. ಅಂಕಪಟ್ಟಿಯಲ್ಲಿ ತಪ್ಪಾದದ್ದೇ ಪಾವಗಡದಲ್ಲಿ ಒಪ್ಪು.

ಅಂಚು

ಲ್ಯಾಮಿನೇಟಿನ ಮುಖ ಸುಳ್ಳು ಹೇಳಬಲ್ಲದು, ಅಂಚು ಹೇಳಲಾರದು. ಅಡುಗೆಮನೆಯ ಕಪಾಟಿನ ಮೂಲೆಗೆ ಬಗ್ಗಿ ನೋಡಿ. ಅಂಚುಪಟ್ಟಿ ಹಚ್ಚದ ಕಡೆ, ತೇಗದ ಚಿತ್ತಾರ ಮುಗಿಯುವಲ್ಲಿ, ಸೂಜಿಯಷ್ಟು ಸಣ್ಣ ಕಂದು ಗೆರೆ ಕಾಣುತ್ತದೆ. ಅದೇ ಫೀನಾಲ್ ಕುಡಿದ ಕ್ರಾಫ್ಟ್ ಕಾಗದ, ಮೈಕಾದ ಬೆನ್ನೆಲುಬು. ಅದರ ಕೆಳಗೆ ಪ್ಲೈವುಡ್ಡಿನ ಪದರಗಳು ಉದ್ದಕ್ಕೊಂದು, ಅಡ್ಡಕ್ಕೊಂದು. ಸಿಂಕಿನ ಪಕ್ಕದ ಬಾಗಿಲಾದರೆ ತಳದ ಅಂಚನ್ನು ಬೆರಳಿನಿಂದ ಸವರಿ, ಟ್ರಾನ್ಸ್‌ಫಾರ್ಮರ್ ಕೆಲಸಗಾರ ಸವರುವಂತೆ. ನೀರು ಕದ್ದು ಒಳಬರುವುದು ಅಲ್ಲಿಂದಲೇ. ಅಲ್ಲಿ ಬೆರಳಿಗೆ ಉಬ್ಬು ಸಿಕ್ಕಿದರೆ ಬಡಗಿಗೆ ಫೋನು ಮಾಡಿ, ಪದರ ಬಿಟ್ಟಿದೆ ಎನ್ನಿ.

ಮುಂದಿನ ಸಲ ಮದುವೆಯೂಟದಲ್ಲಿ ಚಿರೋಟಿ ಬಡಿಸಿದಾಗ, ಸಕ್ಕರೆ ಪುಡಿ, ಬಾದಾಮಿ ಹಾಲು ಸುರಿಯುವ ಮುನ್ನ, ಅದರ ಅಂಚನ್ನೂ ಒಮ್ಮೆ ನೋಡಿ. ಸುರುಳಿಯ ಗೆರೆಗಳು ಒಂದೊಂದೂ ಬೇರೆಯಾಗಿ ಎದ್ದು ಕಂಡರೆ ಭಟ್ಟರನ್ನು ಕರೆದು ಅದೇ ಮಾತು ಹೇಳಿ: ಪದರ ಬಿಟ್ಟಿದೆ.